ಐದನೆಯ ದಯೆಯ ಕೆಲಸ

ಒಂದನೇ ತರಗತಿಯ ಮಕ್ಕಳು ತಮ್ಮ ಟೀಚರಿಗೆ ಇಟ್ಟಿದ್ದ ಹೆಸರು ‘ಅಯ್ಯೋ ಟೀಚರ್’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅದು ಅವರ ಕಿವಿಗೆ ಬೀಳದೆಯೂ ಇರಲಿಲ್ಲ. ಮಗುವೊಂದು ಬೆಂಚಿನ ಮೇಲೆ ಮಂಡಿಯೂರಿದರೆ ಅಯ್ಯೋ, ಪೆನ್ಸಿಲಿನ ಮೊನೆ ಕಣ್ಣಿನ ಹತ್ತಿರ ಬಂದರೆ ಅಯ್ಯೋ, ಯಾರಾದರೂ ಸುಮ್ಮನೆ ಕೆಮ್ಮಿದರೂ ಅಯ್ಯೋ. ಪಾಠದ ನಡುವೆ ಎದ್ದುಹೋಗಿ ಕಿಟಕಿಯ ಚಿಲಕ ಮುಟ್ಟಿ ನೋಡಿ ಬರುವುದೂ ಇತ್ತು. “ಬೇರೆ ಮಕ್ಕಳು ಹುಟ್ಟಿದ ತಕ್ಷಣ ಅಳ್ತಾವೆ. ಇವಳು ಮೊದಲು ಸುತ್ತ ನೋಡಿ ಗಾಬರಿಬಿದ್ಲು, ಆಮೇಲೆ ಅತ್ಲು” ಎಂದು ಅವರ ತಾಯಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಶಾಲೆ ನಡೆಸುತ್ತಿದ್ದವರು ಕನ್ಯಾಸ್ತ್ರೀಯರು. ಟೀಚರ್ ಕನ್ಯಾಸ್ತ್ರೀಯಲ್ಲ, ಅದೇ ಶಾಲೆಯಲ್ಲಿ ಓದಿ, ದೊಡ್ಡವರಾಗಿ ಅಲ್ಲಿಗೇ ಕಲಿಸಲು ಬಂದವರು. ಅವರ ತರಗತಿಯಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದರು, ಕೂಡಿ ಕಳೆಯುವುದನ್ನು ಕಲಿಯುತ್ತಿದ್ದರು. ಶಿಲುಬೆಯ ಗುರುತು ಹಾಕಲು ಬಲಗೈ ಯಾವುದೆಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಪ್ರಾರ್ಥನೆಯ ಕೋಣೆಯಲ್ಲಿ ಬೂಟು ಸದ್ದಾಗದಂತೆ ನಡೆಯುವುದು, ಮೂಗು ಒರೆಸಿದ ಕರ್ಚೀಫನ್ನು ಗೆಳತಿಗೆ ಕೊಡದಿರುವುದು, ಇವೂ ಪಾಠಗಳೇ. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಕಾವಲುದೂತ ಇರುತ್ತಾನೆ ಎಂದು ಹೇಳಿಕೊಟ್ಟ ದಿನ ಮಕ್ಕಳೆಲ್ಲ ದೂತರಿಗೆ ಜಾಗ ಬಿಟ್ಟು ಬೆಂಚಿನ ತುದಿಗೆ ಸರಿದು, ಇಬ್ಬರು ಕೆಳಗೇ ಬಿದ್ದಿದ್ದರು.

ಆ ತಿಂಗಳ ಪಾಠ ಏಳು ದಯೆಯ ಕೆಲಸಗಳು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ನೆಲೆ. ಐದನೆಯದು ಕಾಯಿಲೆಯವರನ್ನು ನೋಡಲು ಹೋಗುವುದು, ಆರನೆಯದು ಸೆರೆಯಲ್ಲಿರುವವರನ್ನು ಕಾಣುವುದು, ಏಳನೆಯದು ಸತ್ತವರನ್ನು ಮಣ್ಣು ಮಾಡುವುದು. ಟೀಚರ್ ಬಣ್ಣದ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಮಕ್ಕಳು ಅದನ್ನು ಆಟದಂತೆ ಹಿಡಿದುಕೊಂಡರು. ಬಾಯಾರಿಕೆಯೇ ಇಲ್ಲದವನಿಗೆ ನಾಲ್ಕು ಕಡೆಯಿಂದ ನೀರಿನ ಬಾಟಲಿ ಬಂತು. ಅಂಗಳದಲ್ಲಿ ಸತ್ತಿದ್ದ ಜೀರುಂಡೆಗೆ ಪೂರ್ತಿ ಪ್ರಾರ್ಥನೆಯೊಂದಿಗೆ ಮಣ್ಣಾಯಿತು. “ಟೀಚರ್, ಜೈಲಿಗೆ ಯಾವಾಗ ಹೋಗೋಣ?” ಎಂದು ದಿನಕ್ಕೊಬ್ಬರು ಕೇಳುತ್ತಿದ್ದರು.

ಅದೇ ಹೊತ್ತಿಗೆ ಗೇಟಿನ ಅಜ್ಜಿ ಜ್ವರವೆಂದು ಮಲಗಿದರು. ಶಾಲೆಯ ಗೇಟು ತೆಗೆಯುವುದು, ಹಾಕುವುದು, ಯಾವ ಮಗುವನ್ನು ಯಾರು ಕರೆದೊಯ್ಯಬೇಕೆಂದು ನೋಡುವುದು ಅವರ ಕೆಲಸ. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಅವರ ಬದಲಿಗೆ ಹೊಸಬನೊಬ್ಬ ಬಂದ. ಅಜ್ಜಿಗಾಗಿ ತರಗತಿ ದಿನವೂ ಬೆಳಿಗ್ಗೆ ಕೈಮುಗಿದು ಪ್ರಾರ್ಥಿಸಿತು.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬೊಚ್ಚಿ ಎದ್ದು ನಿಂತಳು. ಮುಂದಿನ ಹಲ್ಲು ಎರಡೂ ಬಿದ್ದಿದ್ದರಿಂದ ಆ ಹುಡುಗಿಗೆ ಆ ಹೆಸರು.

“ಟೀಚರ್, ಅಜ್ಜೀನ ನೋಡೋಕೆ ಯಾರು ಹೋಗಿದ್ರು?”

ಟೀಚರ್ ಹಾಜರಿ ಪುಸ್ತಕ ಮುಚ್ಚಿದರು. “ನಾನು ಹೋಗ್ತೀನಮ್ಮ. ಇವತ್ತು ಸಂಜೆ ಹೋಗ್ತೀನಿ.”

ಸಂಜೆ ಶಿಕ್ಷಕರ ಸಭೆ ಇತ್ತು. ಮರುದಿನ ತಾಯಿಗೆ ಔಷಧಿ ತರಬೇಕಿತ್ತು. ಬೊಚ್ಚಿ ಮಾತ್ರ ದಿನವೂ ಕೇಳಿದಳು, “ಹೋದ್ರಾ ಟೀಚರ್?” ಟೀಚರ್ ದಿನವೂ “ನಾಳೆ” ಎಂದರು.

ಒಂದು ದಿನ ಊಟದ ಗಂಟೆ ಮುಗಿದು ಮಕ್ಕಳು ಒಳಗೆ ಬಂದಾಗ ಬೊಚ್ಚಿಯ ಜಾಗ ಖಾಲಿ ಇತ್ತು. ಬ್ಯಾಗು ಬೆಂಚಿನ ಕೆಳಗೇ ಇತ್ತು.

“ಅಯ್ಯೋ” ಎಂದರು ಟೀಚರ್. ಈ ಸಲ ಯಾರೂ ನಗಲಿಲ್ಲ, ಅವರ ದನಿ ಹಾಗಿತ್ತು.

ಪಕ್ಕದ ತರಗತಿಯವರನ್ನು ಮಕ್ಕಳ ಹತ್ತಿರ ನಿಲ್ಲಿಸಿ ಓಡಿದರು. ಶೌಚಾಲಯದ ಬಾಗಿಲುಗಳನ್ನು ಒಂದೊಂದಾಗಿ ತಳ್ಳಿದರು. ಪ್ರಾರ್ಥನೆಯ ಕೋಣೆ, ಆಟದ ಸಾಮಾನಿನ ಕೋಣೆ, ಮೆಟ್ಟಿಲ ಕೆಳಗಿನ ಕತ್ತಲು. ನೀರಿನ ತೊಟ್ಟಿಯ ಮುಚ್ಚಳ ತೆಗೆಯುವಾಗ ಅದು ಜಾರಿ ಕಾಲ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ನೀರು ನಿಶ್ಚಲವಾಗಿತ್ತು. ಅದರಲ್ಲಿ ಕಂಡದ್ದು ಅವರದೇ ಮುಖ.

ಗೇಟಿನ ಹೊಸಬ ತಲೆ ಕೆರೆದುಕೊಂಡ. “ಶಿಶುವಿಹಾರದ ಮಕ್ಕಳನ್ನ ಮಧ್ಯಾಹ್ನ ಅಪ್ಪ ಅಮ್ಮ ಕರ್ಕೊಂಡು ಹೋದ್ರಲ್ಲ ಮೇಡಂ, ಆ ಗುಂಪಲ್ಲಿ ಹೋದ್ಲೋ ಏನೋ. ನನಗೆ ಎಲ್ಲರ ಮುಖ ಇನ್ನೂ ಗೊತ್ತಿಲ್ಲ.”

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹೊರಗೆ ಬಂದರು. ಬೊಚ್ಚಿಯ ತಂದೆಗೆ ಫೋನು ಮಾಡಿಸಿ, ಟೀಚರ ಭುಜ ಹಿಡಿದರು. “ನಿಂತುಕೊಳ್ಳಿ. ಉಸಿರು ತಗೊಳ್ಳಿ. ಮಕ್ಕಳನ್ನ ಕೇಳಿದ್ರಾ?”

ಕೇಳಿರಲಿಲ್ಲ. ಟೀಚರ್ ತರಗತಿಗೆ ಹಿಂತಿರುಗಿ, ಬೊಚ್ಚಿಯ ಪಕ್ಕ ಕೂರುವ ಹುಡುಗಿಯ ಮುಂದೆ ನೆಲಕ್ಕೆ ಕುಳಿತರು.

“ಚಿನ್ನಾ, ಅವಳು ನಿನಗೇನಾದರೂ ಹೇಳಿದ್ಲಾ?”

ಹುಡುಗಿ ಗೋಡೆಯ ಚಿತ್ರದ ಕಡೆ ಬೆರಳು ತೋರಿಸಿದಳು. “ಐದನೇದು ಮಾಡೋಕೆ ಹೋದ್ಲು. ಟೀಚರ್‌ಗೆ ಪುರುಸೊತ್ತಿಲ್ಲ, ನಾನೇ ಹೋಗಿ ಬರ್ತೀನಿ ಅಂದ್ಲು.”

ಗೇಟಿನ ಅಜ್ಜಿಯ ಮನೆ ದೊಡ್ಡ ರಸ್ತೆಯ ಆಚೆ, ಬಟ್ಟೆ ಒಗೆಯುವ ಅಂಗಡಿಯ ಹಿಂದೆ. ಬೊಚ್ಚಿ ದಿನವೂ ಶಾಲೆಗೆ ಬರುವುದು ಅದೇ ದಾರಿಯಲ್ಲಿ, ಆದರೆ ತಂದೆಯ ಕೈ ಹಿಡಿದು. ಟೀಚರ್ ಓಡಿದರು. ರಸ್ತೆ ದಾಟುವಲ್ಲಿ ಲಾರಿಯೊಂದು ನಿಂತು ಸುತ್ತ ನಾಲ್ಕಾರು ಜನ ಸೇರಿದ್ದರು. ಟೀಚರ್ ಕಣ್ಣು ಮುಚ್ಚಿಕೊಂಡೇ ಹತ್ತಿರ ಹೋಗಿ, ತೆರೆದು ನೋಡಿದರೆ ಲಾರಿಯ ಚಕ್ರ ಪಂಕ್ಚರ್ ಆಗಿತ್ತು, ಅಷ್ಟೇ. ಅಲ್ಲಿದ್ದವನೊಬ್ಬ “ಏನಮ್ಮಾ, ಹುಷಾರಿಲ್ವಾ?” ಎಂದ. ಉತ್ತರ ಕೊಡಲು ನಿಲ್ಲಲಿಲ್ಲ.

ಅಂಗಡಿಯ ಪಕ್ಕದ ಓಣಿಯಲ್ಲಿ ಬಿಸಿ ಹಬೆ, ಸೋಪಿನ ವಾಸನೆ. ಕೊನೆಯ ಬಾಗಿಲು ಅರೆ ತೆರೆದಿತ್ತು.

ಒಳಗೆ ಒಂದೇ ಕೋಣೆ. ಮಂಚ ಖಾಲಿ. ಅಜ್ಜಿ ನೆಲದ ಮೇಲೆ, ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು. ಒಂದು ಕಾಲು ನೋಡಲಾಗದ ಹಾಗೆ ತಿರುಗಿತ್ತು. ಅವರ ಎದೆಯ ಮೇಲೆ ಪುಟ್ಟ ನೀಲಿ ಸ್ವೆಟರ್ ಹೊದಿಸಲಾಗಿತ್ತು. ಪಕ್ಕದಲ್ಲಿ ಬೊಚ್ಚಿ, ಊಟದ ಡಬ್ಬಿ ತೆರೆದಿಟ್ಟುಕೊಂಡು, ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿ ಅಜ್ಜಿಯ ಬಾಯಿಗೆ ಹನಿಸುತ್ತಿದ್ದಳು. ಅವಳ ಇನ್ನೊಂದು ಕೈ ಅಜ್ಜಿಯ ಮುಷ್ಟಿಯಲ್ಲಿತ್ತು.

“ಟೀಚರ್” ಎಂದಳು ಪಿಸುದನಿಯಲ್ಲಿ. “ಯಾರನ್ನಾದ್ರೂ ಕರೀಬೇಕು ಅಂತ ಎದ್ದೆ. ಕೈ ಬಿಟ್ರೆ ಅಜ್ಜಿ ಅಳ್ತಾರೆ. ಈಗ ಬಿಡ್ಲಾ?”

ಟೀಚರಿಗೆ ಅವಳನ್ನು ಎತ್ತಿ ಅಪ್ಪಿಕೊಳ್ಳಬೇಕೋ, ಎರಡು ಬಿಗಿಯಬೇಕೋ ತಿಳಿಯಲಿಲ್ಲ. “ಬಿಡಬೇಡ, ಹಾಗೇ ಇರು” ಎಂದು ಆಂಬುಲೆನ್ಸಿಗೆ ಫೋನು ಮಾಡಿದರು, ಆಮೇಲೆ ಸಿಸ್ಟರಿಗೆ. ವಿಚಿತ್ರವೆಂದರೆ ವಿಳಾಸ ಹೇಳುವಾಗ ಅವರ ದನಿ ನಡುಗಲಿಲ್ಲ. ಒಗೆಯುವ ಅಂಗಡಿಯವನನ್ನು ಕೂಗಿ ಓಣಿಯ ಬಾಯಲ್ಲಿ ನಿಲ್ಲಿಸಿದರು, ಕಾಲನ್ನು ಅಲುಗಿಸಬೇಡಿ ಎಂದು ಫೋನಿನಲ್ಲಿ ಹೇಳಿದಂತೆಯೇ ಮಾಡಿದರು.

ಅಜ್ಜಿ ಕಣ್ಣು ತೆರೆದರು. “ಬೆಳಿಗ್ಗೆ ನೀರಿಗೆ ಅಂತ ಎದ್ದೆ, ಬಿದ್ದೆ. ಕೂಗಿದೆ, ಆ ಬಟ್ಟೆ ಒಗೆಯೋ ಮಿಷನ್ ಸದ್ದಲ್ಲಿ ಯಾರಿಗೆ ಕೇಳುತ್ತೆ?” ಸ್ವಲ್ಪ ಸುಧಾರಿಸಿಕೊಂಡು, “ಮಗೂನ ಬೈಬೇಡಿ. ಆ ಗೇಟಿನವನನ್ನ ಬೈರಿ. ನಾನಿದ್ದಿದ್ರೆ ಇವಳನ್ನ ಹೊರಗೆ ಬಿಡ್ತಿದ್ನಾ?”

ಆಸ್ಪತ್ರೆಯಲ್ಲಿ ವೈದ್ಯರು ಸೊಂಟದ ಮೂಳೆ ಮುರಿದಿದೆ ಎಂದರು. ರಾತ್ರಿಯೆಲ್ಲ ಹಾಗೇ ಬಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದೂ ಅಂದರು.

ಬೊಚ್ಚಿಯ ತಂದೆ ಬಸ್ಸಿನ ಡ್ರೈವರ್. ಸಮವಸ್ತ್ರದಲ್ಲೇ ಶಾಲೆಗೆ ಬಂದು, ಮಗಳನ್ನು ಎತ್ತಿಕೊಂಡವನು ಇಳಿಸಲೇ ಇಲ್ಲ. “ನಾಲ್ಕು ಒಳ್ಳೆ ಮಾತು ಕಲೀಲಿ ಅಂತ ಇಲ್ಲಿಗೆ ಕಳಿಸಿದ್ದು. ಆ ರಸ್ತೇಲಿ ನಾನು ಬಸ್ ಓಡಿಸ್ತೀನಿ ಟೀಚರ್. ಅಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು!”

ಸಿಸ್ಟರ್ ಏನೋ ಹೇಳಲು ಹೊರಟರು. ಟೀಚರ್ ತಡೆದರು.

“ತಪ್ಪು ನನ್ನದು ಅಣ್ಣಾ. ಹೋಗ್ತೀನಿ ಅಂತ ಹೇಳಿ ನಾನು ಹೋಗಲಿಲ್ಲ. ಅದಕ್ಕೆ ಅವಳು ಹೋದ್ಲು.”

ಆತ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮರುದಿನ ಬೊಚ್ಚಿ ಬರಲಿಲ್ಲ, ಅದರ ಮರುದಿನವೂ ಇಲ್ಲ. ಟೀಚರ್ ದಯೆಯ ಕೆಲಸಗಳ ಚಿತ್ರವನ್ನು ಗೋಡೆಯಿಂದ ಕಿತ್ತುಬಿಡಲೇ ಎಂದು ಸಿಸ್ಟರನ್ನು ಕೇಳಿದರು.

“ಕಿತ್ತು? ಮುಂದಿನ ವರ್ಷ ಏನು ಕಲಿಸ್ತೀರಿ?”

“ರಸ್ತೆ ದಾಟೋದು.”

“ಅದನ್ನೂ ಕಲಿಸಿ” ಎಂದರು ಸಿಸ್ಟರ್. “ಅಜ್ಜೀನ ನೋಡೋಕೆ ನೀವು ಯಾವಾಗ ಹೋಗ್ತೀರಿ?”

ಟೀಚರ್ ಅಂದು ಸಂಜೆಯೇ ಆಸ್ಪತ್ರೆಗೆ ಹೋದರು. ಆಮೇಲೆ ತಪ್ಪಿಸಲಿಲ್ಲ. ಅಜ್ಜಿ ಮಲಗಿದಲ್ಲಿಂದಲೇ ನರ್ಸುಗಳ ಮೇಲೆ ಅಧಿಕಾರ ನಡೆಸುತ್ತಿದ್ದರು. ಯಾರು ತಡವಾಗಿ ಬಂದರು, ಯಾರು ಬಾಗಿಲು ಸರಿಯಾಗಿ ಹಾಕಲಿಲ್ಲ, ಎಲ್ಲ ವರದಿ ಟೀಚರಿಗೆ.

ವಾರ ಕಳೆದು ಬೊಚ್ಚಿ ಮರಳಿ ಬಂದಳು. ಆಸ್ಪತ್ರೆಯಿಂದ ಬಿಟ್ಟ ಮೇಲೂ ಅಜ್ಜಿಗೆ ಮತ್ತೆ ಗೇಟಿನಲ್ಲಿ ನಿಲ್ಲಲು ಆಗಲಿಲ್ಲ. ರಸ್ತೆಯಾಚೆ ತಾವು ವಾಸವಿದ್ದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಅವರಿಗೊಂದು ಕೋಣೆ ಕೊಟ್ಟರು. ಅಲ್ಲಿಗೆ ಇಡೀ ತರಗತಿಯನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿ ಮಕ್ಕಳ ಮನೆಗಳಿಗೆ ಚೀಟಿ ಹೋಯಿತು. ಟೀಚರ್ ಒಂದು ಉದ್ದನೆಯ ಹಗ್ಗ ತಂದರು. ಮಕ್ಕಳೆಲ್ಲ ಅದನ್ನು ಹಿಡಿದುಕೊಂಡರು, ಟೀಚರ್ ಮುಂದಿನ ತುದಿ ಹಿಡಿದರು. ಅಂಗೈ ಬೆವತು ಹಗ್ಗ ಜಾರುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದರು. ಯಾಕಾದರೂ ಒಪ್ಪಿಕೊಂಡೆನೋ, ಈಗಲೂ ಹಿಂದಿರುಗಬಹುದಲ್ಲ ಎಂದುಕೊಳ್ಳುತ್ತಲೇ ದೊಡ್ಡ ರಸ್ತೆಯ ಅಂಚಿಗೆ ಬಂದರು.

ಅಲ್ಲಿ ರಸ್ತೆಯ ನಡುವೆ ಖಾಕಿ ಅಂಗಿಯ ಒಬ್ಬ ಮನುಷ್ಯ ಎರಡೂ ಕೈ ಚಾಚಿ ನಿಂತಿದ್ದ. ಅವನ ಎರಡೂ ಬದಿಯಲ್ಲಿ ಗಾಡಿಗಳು ಸಾಲಾಗಿ ನಿಂತು ಹಾರನ್ ಬಡಿಯುತ್ತಿದ್ದವು. ಅವನು ಕದಲಲಿಲ್ಲ.

“ಅಪ್ಪಾ!” ಎಂದು ಕೂಗಿದಳು ಬೊಚ್ಚಿ.

“ಹಗ್ಗ ಬಿಡಬೇಡ” ಎಂದ ಅವನು ಗದರಿಸಿ. ಆಮೇಲೆ ಟೀಚರ ಕಡೆ ನೋಡಿ, “ಬನ್ನಿ, ಬೇಗ ಬನ್ನಿ, ಡ್ಯೂಟಿಗೆ ಹೊತ್ತಾಯ್ತು” ಎಂದ.