ಲಾಲಮ್ಮನ ಡ್ರೋನು ಬಿದ್ದ ಕಾರಣ

ರೊಟ್ಟಿ ಬಡಿದು ಮುಗಿಸಿದ ಲಾಲಮ್ಮ ಹಿತ್ತಲಿಗೆ ಹೋಗಿ, ಮರಳು ತುಂಬಿದ ಬಕೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದೆ. ಒಳಗೆ ಹೂತಿರುವುದು ಡ್ರೋನಿನ ಬ್ಯಾಟರಿ. ಸುಟ್ಟ ವಾಸನೆ ಇನ್ನೂ ಹೋಗಿಲ್ಲ.

ಕಾಲುವೆ ನೀರು ಬಂದ ಮೇಲೆ ಭತ್ತಕ್ಕೆ ತಿರುಗಿದ ಸುರಪುರ ಸೀಮೆಯ ಊರು ಅವರದು. ತವರಿನಲ್ಲಿ ಕುರಿ ಕಾಯ್ದವರು, ಮಹಿಳಾ ಸಂಘದ ಪರವಾಗಿ ತರಬೇತಿ ಪಡೆದು ಎರಡು ಹಂಗಾಮು ಡ್ರೋನಿನಿಂದ ಔಷಧಿ ಹೊಡೆದಿದ್ದರು. ಕಳೆದ ವಾರ ಅದು ಹಾರುತ್ತಿದ್ದಾಗಲೇ ಕಾಲುವೆ ದಂಡೆಗೆ ಬಿತ್ತು. ಬ್ಯಾಟರಿ ಹೊಗೆಯಾಡಿತು.

ಯಾದಗಿರಿಯಿಂದ ಬಂದ ಕಂಪನಿ ಎಂಜಿನಿಯರ್ ಭಗವಂತರಾಯ, ಹಾರುವಾಗ ಡ್ರೋನು ತಾನೇ ದಾಖಲಿಸಿಕೊಂಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಕೊನೆಯ ಸಾಲಿನವರೆಗೂ ವೋಲ್ಟೇಜ್ ಸರಿಯಿತ್ತು.

"ಬ್ಯಾಟರಿ ಬರೋಬರಿ ಅದ ಅಕ್ಕಾ. ತಪ್ಪು ನಿಮ್ಮ ಕಡೀದು."

"ಕೊನೀ ಸಾಲಿನ ಮುಂದ ಏನಾತ್ರಿ?"

"ಕರೆಂಟ್ ಹೋದ ಮ್ಯಾಗ ಅದು ಹ್ಯಾಂಗ ಬರೀತದ?"

"ಅಂದ್ರ ಬಿದ್ದಿದ್ದು ಅದು ನೋಡೇ ಇಲ್ಲ. ನೋಡದ ಸಾಕ್ಷಿ ಹಿಡ್ಕೊಂಡು ಬಂದೀರಿ."

ಕೇಳಿದಾಗ ಭಗವಂತರಾಯ ಮುಚ್ಚಿಡಲಿಲ್ಲ. ಬ್ಯಾಟರಿಯೊಳಗೆ ಸಾಲಾಗಿ ಹಲವು ಸೆಲ್ಲುಗಳಿರುತ್ತವೆ. ಈ ಡ್ರೋನು ದಾಖಲಿಸುವುದು ಅವುಗಳ ಒಟ್ಟು ವೋಲ್ಟೇಜ್ ಮಾತ್ರ. ಒಂದು ಸೊರಗುತ್ತಿದ್ದರೂ ಮೊತ್ತದಲ್ಲಿ ಕಾಣದೆ ಹೋಗಬಹುದು. ನೆಲದ ಮೇಲೆ, ಬಿಸಿಲಿನಲ್ಲಿ, ಚಾರ್ಜಿಗಿಟ್ಟಾಗ ಆದದ್ದು ದಾಖಲಾಗುವುದೇ ಇಲ್ಲ. ಇಷ್ಟು ಹೇಳಿಯೂ ಅವರು ವರದಿಯಲ್ಲಿ ಬರೆದದ್ದು "ಚಾಲಕಿಯ ತಪ್ಪು" ಎಂದೇ.

"ಹಾರಿಸೂ ಮೊದಲ ಬ್ಯಾಟರಿ ಕಾದಿತ್ತು ಅಂತ ನಾ ಅದಕ್ಕ ಹಸಿ ಗೋಣಿಚೀಲ ಹೊಚ್ಚಿದ್ದೆ," ಎಂದರು ಲಾಲಮ್ಮ. "ಅದರಿಂದ ಕೆಟ್ಟಿದ್ರೂ ಕೆಟ್ಟಿರಬೇಕು."

"ಮತ್ತ ನೀವೇ ಒಪ್ಪಿದಂಗಾತಲ್ಲ."

"ಒಪ್ಪಿಲ್ಲ. ಗೊತ್ತಿಲ್ಲ ಅಂದೆ. ನೀವೂ ಗೊತ್ತಿಲ್ಲ ಅಂತ ಬರೀರಿ. ಪೆನ್ನಿನ ಮಸಿ ಏನ್ ಆರಂಗಿಲ್ಲ."

ಸಂಘದ ಅಧ್ಯಕ್ಷೆ ರೇಣಮ್ಮ ನಡುವೆ ಬಂದರು. ಗದ್ದೆಗೆ ಹುಳ ಬಿದ್ದಿತ್ತು. "ಸಹಿ ಮಾಡಿಬಿಡು ಲಾಲಿ. ಹೊಸಾದು ಬರ್ತದ."

"ಬರ್ತದ. ಹಾರಿಸಾಕ ನಾ ಇರಂಗಿಲ್ಲ."

ಅದು ನಿಜ. ಹಾಗೆ ಬರೆದ ವರದಿಗೆ ಸಹಿ ಬಿದ್ದರೆ ಕಂಪನಿ ಅವರ ಕೈಗೆ ಮತ್ತೆ ಡ್ರೋನು ಕೊಡುವುದಿಲ್ಲ. ಲಾಲಮ್ಮ ಸಹಿ ಮಾಡದೆ ಕಾಗದವನ್ನು ಲ್ಯಾಪ್‌ಟಾಪಿನ ಮೇಲೆಯೇ ಇಟ್ಟರು. ಭಗವಂತರಾಯ ಬ್ಯಾಟರಿ ಕೇಳಿದಾಗ ಬಕೆಟ್ಟಿನ ಮುಂದೆ ಕೂತುಬಿಟ್ಟರು.

"ನನ್ನ ಕಣ್ಣ ಮುಂದ ಬಿಚ್ಚಬೇಕು. ಇಲ್ಲಂದ್ರ ಇದು ಇಲ್ಲೇ ಇರ್ತದ."

ಭಗವಂತರಾಯ ಅಂಗಳದಲ್ಲಿ ಅಡ್ಡಾಡುತ್ತ ಮೇಲಿನವರಿಗೆ ಫೋನು ಮಾಡಿದರು. ಬಹಳ ಹೊತ್ತು ಬರೀ "ಹೌದ್ರಿ, ಹೌದ್ರಿ" ಎಂದರು.

ಶುಕ್ರವಾರ ಯಾದಗಿರಿಯಲ್ಲಿ ಅವರ ಎದುರೇ ಬ್ಯಾಟರಿ ಬಿಚ್ಚುತ್ತಾರೆ. ಲಾಲಮ್ಮ ಬಕೆಟ್ಟಿನ ಸಮೇತ ಊರಿನ ಮೆಹಬೂಬನ ಟಂಟಂ ಆಟೋದಲ್ಲಿ ಹೋಗುತ್ತಾರೆ. ಅಲ್ಲಿಯವರೆಗೆ ಅವರು ಡ್ರೋನು ಹಾರಿಸುವಂತಿಲ್ಲ.