ಎರಡು ಮಾರ್ಕಿನ ಸಹಾಯ

ದೇವಕಿಗೆ ಸಿಕ್ಕಿದ್ದು ಸುಲಭದ ಪ್ರಶ್ನೆ. ನಾಚಿಕೆ ಅಲ್ಲಿಂದಲೇ ಶುರುವಾಯಿತು.

ಬದಿಯಡ್ಕದ ಶಾಲೆಯೊಂದರಲ್ಲಿ ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರಿಗಾಗಿ ಭಾನುವಾರ ನಡೆಯುವ ಹತ್ತನೇ ತರಗತಿಯ ತುಲ್ಯತಾ ಕ್ಲಾಸು ಅದು. ಸೌದಾಮಿನಿ ಟೀಚರ್ ಪ್ರಬಂಧಕ್ಕೆ ಎರಡು ಬಗೆಯ ಚೀಟಿ ತರುತ್ತಿದ್ದರು. ಕನ್ನಡ ಚೆನ್ನಾಗಿ ಬರುವವರಿಗೆ ‘ಪರಿಸರ ಮಾಲಿನ್ಯ’ದಂಥ ಭಾರದ ವಿಷಯ. ಮನೆಯಲ್ಲಿ ತುಳುವೋ ಬ್ಯಾರಿಯೋ ಆಡಿ, ಕನ್ನಡ ಬರೆಯುವಾಗ ತಡವರಿಸುವವರಿಗೆ ‘ನನ್ನ ಒಂದು ದಿನ’. ದಾರಿ ತಪ್ಪದಿರಲೆಂದು ಅದರ ಕೆಳಗೆ ಸುಳಿವುಗಳು: ಏಳುವುದು, ಅಡುಗೆ, ಹೊರಗಿನ ಕೆಲಸ, ಮನೆಯವರ ಸಹಾಯ, ವಿಶ್ರಾಂತಿ. ಒಂದೊಂದಕ್ಕೂ ಎರಡು ಮಾರ್ಕು.

ಏಳನೆಯಲ್ಲಿ ಶಾಲೆ ಬಿಟ್ಟ ದೇವಕಿಗೆ ಈಗ ಹತ್ತು ಪಾಸಾಗಲೇಬೇಕೆಂಬ ಹಟ. ಅತ್ತೆಯ ಬಿಸಿನೀರು, ಗಂಡನ ಬುತ್ತಿ, ಹಟ್ಟಿಯ ಸೆಗಣಿ, ಒಗೆಯುವ ಕಲ್ಲು ಎಂದು ತಪ್ಪೋ ಒಪ್ಪೋ ಬರೆದುಕೊಂಡು ಹೋದಳು. ‘ಮನೆಯವರ ಸಹಾಯ’ಕ್ಕೆ ಬಂದಾಗ ಪೆನ್ನು ನಿಂತಿತು. ಪದ ಸಿಗದೆ ಅಲ್ಲ. ಬರೆಯಲು ಸಂಗತಿಯೇ ಇರಲಿಲ್ಲ. ಖಾಲಿ ಬಿಟ್ಟರೆ ತನ್ನ ಮನೆ ಎಂಥದ್ದೆಂದು ಟೀಚರಿಗೆ ಗೊತ್ತಾಗುತ್ತದೆ. ಬರೆದಳು: ‘ನನ್ನ ಗಂಡ ಬೆಳಿಗ್ಗೆ ಚಾ ಮಾಡಿ ಕೊಡುತ್ತಾರೆ. ಊಟವಾದ ಮೇಲೆ ಪಾತ್ರೆ ತೊಳೆಯುತ್ತಾರೆ. ಆಗ ನಾನು ಸ್ವಲ್ಪ ಮಲಗುತ್ತೇನೆ.’

ಹತ್ತರಲ್ಲಿ ಒಂಬತ್ತು ಬಂತು. ಟೀಚರ್ ಅದನ್ನು ಎಲ್ಲರಿಗೂ ಓದಿ ಹೇಳಿದರು. ಪಕ್ಕದಲ್ಲಿ ಕೂತ ಮಿಸ್ರಿಯಾ ಮೊಣಕೈಯಿಂದ ತಿವಿದಳು: “ದೇವಕಿಯಕ್ಕ, ನನ್ನವರನ್ನು ಒಂದು ವಾರ ನಿಮ್ಮಲ್ಲಿಗೆ ಟ್ರೇನಿಂಗಿಗೆ ಕಳಿಸ್ಲಾ?”

ಕರೆದೊಯ್ಯಲು ಸ್ಕೂಟರಿನಲ್ಲಿ ಬಂದ ಗಂಡ ಕೂಸಪ್ಪನನ್ನೂ ಟೀಚರ್ ಬಿಡಲಿಲ್ಲ. “ಗಂಡ ಅಂದ್ರೆ ನಿಮ್ಮ ಹಾಗೆ ಇರ್ಬೇಕು. ಚಾ ಮಾಡ್ತೀರಂತೆ, ಪಾತ್ರೆ ತೊಳೀತೀರಂತೆ!”

ಕೂಸಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ. ಆಮೇಲೆ ನಕ್ಕ. “ಎಂತ ಟೀಚರ್, ನಮ್ಮಿಂದ ಆಗುವಷ್ಟು.”

ಮನೆ ಮುಟ್ಟಿದ್ದೇ ಕುರ್ಚಿಯಲ್ಲಿ ಕಾಲು ಚಾಚಿ, “ಒಂದು ಚಾ ಮಾಡು ಮಾರಾಯ್ತಿ” ಎಂದ. ಚಾಪುಡಿ ಹಾಕುವಾಗ ದೇವಕಿಯ ಕಿವಿ ಸುಡುತ್ತಿತ್ತು. ಪ್ರಬಂಧದಲ್ಲೂ ಅವನ ಪಾಲಿನ ಕೆಲಸವನ್ನು ಅವಳೇ ಮಾಡಿಕೊಟ್ಟಿದ್ದಳು. ಹೆಸರು ಮಾತ್ರ ಅವನಿಗೆ.

ಮುಂದಿನ ಭಾನುವಾರದ ಚೀಟಿಯಲ್ಲಿ ವಿಷಯ ‘ಹಬ್ಬದ ದಿನ’. ಕೆಳಗೆ ಮತ್ತೆ ಅದೇ ಸುಳಿವು: ಮನೆಯವರ ಸಹಾಯ.

“ಟೀಚರ್, ನನಗೆ ಕಷ್ಟದ್ದು ಕೊಡಿ.”

“ಯಾಕೆ? ಸುಲಭದ್ದರಲ್ಲಿ ಒಂಬತ್ತು ಬಂತಲ್ಲ ನಿಮಗೆ?”

“ಇದು ಸುಲಭ ಅಲ್ಲ.” ಅವಳು ಸುಳಿವಿನ ಮೇಲೆ ಬೆರಳಿಟ್ಟಳು. ತಲೆ ಎತ್ತಲಾಗಲಿಲ್ಲ. “ಇದಕ್ಕೆ ಬರೀಲಿಕ್ಕೆ ಎಂತದೂ ಇಲ್ಲ. ಮೊನ್ನೆ ಬರೆದದ್ದು ಸುಳ್ಳು.”

ಮಿಸ್ರಿಯಾ ಈ ಬಾರಿ ತಿವಿಯಲಿಲ್ಲ. ಟೀಚರ್ ದನಿ ತಗ್ಗಿಸಿದರು. “ಅದೊಂದು ಬಿಟ್ಟು ಉಳಿದದ್ದು ಬರೀರಿ. ಆದ್ರೆ ಎರಡು ಮಾರ್ಕು ಹೋಗ್ತದೆ.”

“ಹೋಗ್ಲಿ.”

ಅಂದು ಕೂಸಪ್ಪ ಬೇಗ ಬಂದಿದ್ದ. ತಲೆ ಬಾಚಿಕೊಂಡು, ಅವಳೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬಾಗಿಲಲ್ಲಿ ನಗುತ್ತ ನಿಂತ. ಟೀಚರ್ “ಬಂದ್ರಾ?” ಎಂದಷ್ಟೇ ಹೇಳಿ ಚಾಕಿನ ಡಬ್ಬಿ ಮುಚ್ಚಿದರು.

ದಾರಿಯಲ್ಲಿ ಅವನು ತಡೆಯಲಾರದೆ ಕೇಳಿದ: “ಇವತ್ತು ನನ್ನ ಬಗ್ಗೆ ಟೀಚರ್ ಎಂತ ಹೇಳಿದ್ರು?”

ದೇವಕಿಯ ಮುಖದ ಬಿಸಿ ಇನ್ನೂ ಇಳಿದಿರಲಿಲ್ಲ. ಅವನ ಬೆನ್ನು ನೋಡುತ್ತ ಹೇಳಿದಳು: “ಎರಡು ಮಾರ್ಕು ಹೋಯ್ತು ಅಂದ್ರು.”