ಅಕ್ಕನ ಸೋಸುವ ಬಟ್ಟೆ

ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ನಡೆಯುವ ಕರ್ತನ ಭೋಜನಕ್ಕೆ ವೈನ್ ಕೊಡುವುದಿಲ್ಲ, ಹುಳಿಯದ ದ್ರಾಕ್ಷಿರಸ ಕೊಡುತ್ತಾರೆ. ಮೆಥೋಡಿಸ್ಟ್ ಮಂದಿ ನಾವು, ಶೆರೆಯ ವಾಸನೆಯೂ ಆಗದವರು. ಆ ರಸವನ್ನು ಮೊದಲು ಅವ್ವ ಮಾಡುತ್ತಿದ್ದಳು, ಅವಳ ನಂತರ ಅಕ್ಕ.

ಅಕ್ಕ ನರ್ಸ್ ಆಗಿದ್ದು ನಿವೃತ್ತಳಾದವಳು. ಕಪ್ಪು ದ್ರಾಕ್ಷಿಯನ್ನು ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಲಾಳಿಕೆಯಿಂದ ಬಾಟಲಿಗೆ ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಬಟ್ಟೆ, ಲಾಳಿಕೆ ಎರಡನ್ನೂ ಕುದಿಸಿ ಒಣಗಿಸಿ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿಬಿಡುವಳು. ಮುಚ್ಚಿದ ಮೇಲೆ ಅದು ಆಸ್ಪತ್ರೆಯ ಸಾಮಾನಿದ್ದಂತೆ, ಯಾರೂ ಕೈ ಹಚ್ಚಬಾರದು. ಮುಂದಿನ ತಿಂಗಳು ತೆಗೆದು ನೇರವಾಗಿ ಬಳಸುವಳು.

ನಾನು ಬೀದರಿನಲ್ಲಿ ಅವಳ ಮನೆಯಲ್ಲೇ ಇರುವವನು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ. ಗಾಂಧಿ ಗಂಜ್ ಮಾರುಕಟ್ಟೆಯಿಂದ ಬೇಳೆಯ ಚೀಲ ಹೇರಿಕೊಂಡು ಭಾಲ್ಕಿಗೂ ಔರಾದಿಗೂ ಟೆಂಪೊ ಹೊಡೆಯುತ್ತೇನೆ. ಒಮ್ಮೆ ಭಾಲ್ಕಿಯಲ್ಲಿ ಮಾಲು ಇಳಿಸಿದ ಮೇಲೆ ಅಲ್ಲಿಯ ಗೆಳೆಯ ಒಂದು ದೊಡ್ಡ ಪೆಟ್ಟಿಗೆ ತಂದು ಗಾಡಿಯಲ್ಲಿಟ್ಟ. ಮನೆಯಲ್ಲೇ ವೈನ್ ಮಾಡುವ ಕಿಟ್, ಆನ್‌ಲೈನ್‌ನಲ್ಲಿ ತರಿಸಿದ್ದ.

“ಒಯ್ಯಪ್ಪಾ, ನಿನಗ ಹೆಂಡ್ತಿ ಇಲ್ಲ, ನಸೀಬದಾಂವ. ನಮ್ಮಾಕಿ ಬರೇ ಪೆಟ್ಟಿಗಿ ನೋಡೇ ನನ್ನ ನಿಶಾ ಇಳಿಸ್ಯಾಳ. ವಾಪಸ್ ಕಳ್ಸೀನಿ ಅಂತ ಆಕಿಗಿ ಹೇಳೀನಿ.”

“ನಮ್ಮನ್ಯಾಗ ಅಕ್ಕ ಇದ್ದಾಳಲ್ಲೋ.”

“ಅಕ್ಕಗ ತೋರ್ಸು ಅಂತ ಯಾರ್ ಹೇಳ್ಯಾರ?”

ತಾಡಪತ್ರಿ, ಹಗ್ಗ ಇಡುವ ಮಾಳಿಗೆಯ ಕೋಣೆಗೆ ಅಕ್ಕ ಬರುತ್ತಿರಲಿಲ್ಲ. ಅಲ್ಲಿ ಪೆಟ್ಟಿಗೆ ಬಿಚ್ಚಿದೆ. ಬಿಳಿ ಬಕೀಟು, ಗಟ್ಟಿ ರಸದ ಚೀಲ, ಯೀಸ್ಟಿನ ಪುಡಿ, ಒಂದು ಉದ್ದನೆಯ ಪೈಪು. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಚಿತ್ರ ನೋಡಿ ಮಾಡಿದೆ. ಮುಚ್ಚಳದ ಮೇಲಿನ ಸಣ್ಣ ನಳಿಗೆಯಲ್ಲಿ ನೀರು ಬುಳಕ್ ಬುಳಕ್ ಎನ್ನತೊಡಗಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಕುಡಿಯುವ ಚಟ ನನಗಿರಲಿಲ್ಲ. ಯಾರೂ ಹೇಳಿಕೊಡದೆ ನಾನೇ ಮಾಡಿದ ಮೊದಲ ವಸ್ತು ಅದು.

ಕೊನೆಗೆ ತಳದ ಗಸಿ ಬಿಟ್ಟು ಮೇಲಿನದನ್ನು ಪೈಪಿನಿಂದ ಕ್ಯಾನಿಗೆ ಇಳಿಸಬೇಕಿತ್ತು. ಬಕೀಟು ಎತ್ತರದಲ್ಲಿರಬೇಕೆಂದು ತಿಳಿಯದೆ ಎರಡನ್ನೂ ನೆಲದ ಮೇಲೇ ಇಟ್ಟುಕೊಂಡು ಪೈಪನ್ನು ಬಾಯಿಂದ ಎಳೆದೆ. ಬಾಯಿ ತುಂಬ ಹುಳಿ ಬಂತೇ ಹೊರತು ವೈನ್ ಇಳಿಯಲಿಲ್ಲ. ಅಕ್ಕ ಪ್ರಾರ್ಥನಾ ಕೂಟಕ್ಕೆ ಹೋಗಿದ್ದಳು. ಕೆಳಗೆ ಹೋಗಿ ಅವಳ ಡಬ್ಬಿ ತಂದೆ. ಅವಳ ಬಟ್ಟೆಯಲ್ಲೇ ಸೋಸಿದೆ, ಅವಳ ಲಾಳಿಕೆಯಲ್ಲೇ ಹೊಯ್ದೆ. ಆಮೇಲೆ ನಳದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಅವಳು ಮಡಚುವ ಹಾಗೆಯೇ ಮಡಚಿ ಮುಚ್ಚಿಟ್ಟೆ. ಯೀಸ್ಟ್ ಜೀವವಿರುವ ವಸ್ತು, ತೊಳೆದರೂ ಎಳೆಯಲ್ಲಿ ಕೂತಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ತಿಂಗಳ ರಸವನ್ನು ಅಕ್ಕ ನಾಲ್ಕು ದಿನ ಮೊದಲೇ ಅದೇ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಟ್ಟಿದ್ದಳು. ಬೇಸಿಗೆಯ ಭಾನುವಾರ. ಪಾಸ್ಟರ್ ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ನೊರೆ ಉಕ್ಕಿ ಮೇಜಿನ ಬಿಳಿ ಹಾಸು ಕೆಂಪಾಯಿತು. ವಾಸನೆ ಹಿಂದಿನ ಸಾಲಿನವರೆಗೂ ಬಂತು.

“ಸಿಸ್ಟರಮ್ಮಾ, ಈ ಸಲ ಶೇಂದಿ ತಂದೀರೇನ್ರಿ?” ಎಂದಳು ಒಬ್ಬ ಮುದುಕಿ. ಕೆಲವರು ನಕ್ಕರು.

ಅಕ್ಕ ಎದ್ದು ನಿಂತಳು. “ನಂದೇ ತಪ್ಪರಿ ಪಾಸ್ಟರ್. ಕುದಿಸೋದೇ ಮರ್ತೀನಿ ಕಾಣ್ತದ.”

ವಾಸನೆ ಬಂದ ಕೂಡಲೇ ನನಗೆ ತಿಳಿದುಹೋಗಿತ್ತು. ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತೆ.

ಮುಂದಿನ ತಿಂಗಳೂ ನೀವೇ ಮಾಡಿರಿ ಎಂದು ಪಾಸ್ಟರ್ ಹೇಳಿದರು. ಅಕ್ಕ ಒಪ್ಪಲಿಲ್ಲ. ಮನೆಗೆ ಬಂದು, “ಅವ್ವಗೂ ಹಿಂಗೇ ಸುರು ಆಗಿತ್ತು ನೋಡು” ಎಂದಳು. ಅವ್ವ ಕಡೆಕಡೆಗೆ ಉಪ್ಪು, ಸಕ್ಕರೆ ಮರೆತಳು, ಆಮೇಲೆ ನಮ್ಮನ್ನೂ ಮರೆತಳು. ಅವಳನ್ನು ಉಣಿಸಿ ತೊಳೆದು ನೋಡಿಕೊಂಡವಳು ಅಕ್ಕ. ಅವಳ ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ಆಗಲೇ ಹೇಳಬೇಕಿತ್ತು. ಅದರ ಬದಲು ಔರಾದಿಗೆ ಹೋಗುವಾಗ ವೈನನ್ನೆಲ್ಲ ರಸ್ತೆಯ ಬದಿ ಸುರಿದೆ. ಬಕೀಟನ್ನು ದಾರಿಯ ಎಕಂಬಾ ಊರಿನ ಒಬ್ಬ ರೈತನಿಗೆ ಎಮ್ಮೆಯ ಹಿಂಡಿ ಕಲಸಲು ಕೊಟ್ಟೆ. ಉಳಿದದ್ದನ್ನು ಸುಟ್ಟೆ.

ಅಕ್ಕ ಓಣಿಯವರಿಗೆ ಇಂಜೆಕ್ಷನ್ ಕೊಡುವುದನ್ನು ನಿಲ್ಲಿಸಿದಳು. “ಡೋಸ್ ತಪ್ಪಿದ್ರ ಯಾರ್ ಜವಾಬ್ದಾರಿ?” ಎಂದಳು. ನಾನಿಲ್ಲದಾಗ ಒಲೆ ಹೊತ್ತಿಸುವುದನ್ನೂ ಬಿಟ್ಟಳು. ನಾನು ದೂರದ ಬಾಡಿಗೆ ಬಿಟ್ಟು ಮಧ್ಯಾಹ್ನಕ್ಕೆ ಮನೆಗೆ ಬರತೊಡಗಿದೆ. ಕೆಳಗಿನ ಎರಡು ಕೋಣೆಗಳಲ್ಲಿ ಅವಳು ತನ್ನ ತಲೆಯನ್ನು ಕಾಯುತ್ತಾ ಕೂತರೆ, ನಾನು ಅವಳನ್ನು ಕಾಯುತ್ತಾ ಕೂರುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೇನು ಗತಿ ಎನಿಸಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಊಟ ಮಾಡುತ್ತಾ ಅವಳೇ ಮಾತು ತೆಗೆದಳು. “ನಿನ್ನ ಗುರ್ತ ಹತ್ತದಂಗ ಆತು ಅಂದ್ರ, ನನಗ ಮನ್ಯಾಗ ಇಟ್ಕೋಬ್ಯಾಡ. ಅವ್ವಂದು ನಾ ಮಾಡೀನಿ, ಗಂಡಸು ನೀ, ನಿನ್ನ ಕೈಲೆ ಆಗಂಗಿಲ್ಲ.”

ಕಿಟ್ಟು, ಬಟ್ಟೆ, ಲಾಳಿಕೆ, ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು.

“ನೀ ವೈನ್ ಮಾಡ್ದಿ? ಚಾ ಮಾಡ್ಲಕ್ಕ ಬರಂಗಿಲ್ಲ ನಿನಗ. ನನ್ನ ಮನಸಿಗಿ ಸಮಾಧಾನ ಆಗ್ಲಿ ಅಂತ ಹೇಳ್ಲತ್ತಿ.”

“ಖರೇನ ಅಕ್ಕಾ. ದೇವ್ರಾಣಿ.”

“ದೇವ್ರ ಹೆಸರು ತಗೀಬ್ಯಾಡ.”

ಭಾಲ್ಕಿಯ ಗೆಳೆಯನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅವಳ ಮುಂದಿಟ್ಟೆ. ಎತ್ತಿದವಳು ಅವನ ಹೆಂಡತಿ. ಅವನನ್ನು ಕರೆದಳು, ಕರೆದು ಅಲ್ಲೇ ನಿಂತಿರಬೇಕು. ಅಕ್ಕ ಕೇಳಿದ್ದಕ್ಕೆ ಅವನು ಕೆಮ್ಮಿ, “ವೈನ್ ಕಿಟ್ಟಾ? ಇಲ್ರಿ ಸಿಸ್ಟರ್, ಅಂಥಾದ್ದೇನ್ ನಾ ಕೊಟ್ಟಿಲ್ರಿ” ಎಂದ.

ಅಕ್ಕ ಫೋನ್ ಇಟ್ಟಳು. ನಾಳೆಯೇ ಪಾಸ್ಟರಿಗೆ ಹೇಳುತ್ತೇನೆ ಎಂದೆ.

“ಹುಚ್ಚಾ, ನನ್ನ ಸಲುವಾಗಿ ನಿನ್ನ ಹೆಸರ್ಯಾಕ ಕೆಡಿಸ್ಕೋತಿ?” ಎಂದು ನನ್ನ ತಲೆ ಸವರಿದಳು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಎಲ್ಲವನ್ನೂ ನಾನೇ ಇಲ್ಲದಂತೆ ಮಾಡಿದ್ದೆ.

ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಬಾಗಿಲಲ್ಲಿ ನಿಂತು, “ಗ್ಯಾಸ್ ಬಂದ್ ಮಾಡೀನೇನು, ಒಂದೀಟು ನೋಡಪ್ಪಾ” ಎಂದಳು.

ಎದ್ದು ಹೋಗಿ ನೋಡಿದೆ. ಬಂದ್ ಮಾಡಿದ್ದಳು.